ಕಿಟಕಿಯಿಲ್ಲದ ಕಡೆ ವಿಂಡೋ ಎಸಿ: ಗೋಡೆಯಲ್ಲಿ ಕಂಡಿ ತೆಗೆದು ಕೂರಿಸುವ ಕ್ರಮ

ವಿಂಡೋ ಎಸಿಯ ಹೆಸರಿನಲ್ಲಿ ಕಿಟಕಿ ಇದೆಯಾದರೂ ಯಂತ್ರಕ್ಕೆ ಕಿಟಕಿಯ ಹಂಗೇನೂ ಇಲ್ಲ. ಮುಖ ಕೋಣೆಯೊಳಗೂ ಬೆನ್ನು ಬಯಲಿಗೂ ಇರುವಂತೆ ಅಲುಗಾಡದೆ ಕೂರಲು ಅದಕ್ಕೊಂದು ಜಾಗ ಸಿಕ್ಕರೆ ಸಾಕು. ಕೋಣೆಯ ಕಿಟಕಿ ತೀರ ಚಿಕ್ಕದಾಗಿದ್ದರೆ, ಸರಿಯುವ ಗಾಜಿನದಾಗಿದ್ದರೆ, ಅಥವಾ ಇರುವ ಒಂದೇ ಕಿಟಕಿಯ ಬೆಳಕನ್ನು ಕಳೆದುಕೊಳ್ಳಲು ಮನಸ್ಸಿಲ್ಲದಿದ್ದರೆ, ಗೋಡೆಯಲ್ಲಿ ಹೊಸದಾಗಿ ಕಂಡಿ ತೆಗೆದೋ ಬಾಗಿಲ ಮೇಲಿನ ವೆಂಟಿಲೇಟರ್ ಜಾಗದಲ್ಲೋ ಯಂತ್ರವನ್ನು ಕೂರಿಸಬಹುದು. ಆದರೆ ಬೆನ್ನಿಗೆ ಗಾಳಿ, ನೀರಿಗೆ ದಾರಿ, ಭಾರಕ್ಕೆ ಆಧಾರ, ಇವೆಲ್ಲವೂ ಕಿಟಕಿಯಲ್ಲಿ ಬಹುಮಟ್ಟಿಗೆ ತಾವಾಗಿಯೇ ಒದಗಿ ಬರುತ್ತವೆ; ಬೇರೆ ಜಾಗದಲ್ಲಿ ನಾವೇ ಅಳತೆ ಹಿಡಿದು ಒದಗಿಸಬೇಕು.

ಜಾಗ ಆರಿಸುವ ಮೊದಲು ಯಂತ್ರದ ಬೆನ್ನಿನಿಂದ ಎಷ್ಟು ಬಿಸಿ ಹೊರಬರುತ್ತದೆ ಎಂಬುದನ್ನು ಮನಗಾಣುವುದು ಒಳ್ಳೆಯದು. ಎಸಿಯ ಸಾಮರ್ಥ್ಯವನ್ನು ಅಳೆಯುವ 'ಟನ್' ಎಂಬ ಮಾತು ಮಂಜುಗಡ್ಡೆಯ ಕಾಲದಿಂದ ಬಂದದ್ದು: ಸುಮಾರು 907 ಕಿಲೋ ಮಂಜುಗಡ್ಡೆ 24 ಗಂಟೆಗಳಲ್ಲಿ ಕರಗುವಾಗ ಎಷ್ಟು ಶಾಖವನ್ನು ಹೀರಿಕೊಳ್ಳುತ್ತದೆಯೋ ಅಷ್ಟು, ಅಂದರೆ ಸುಮಾರು 3.5 ಕಿಲೋವ್ಯಾಟ್. ಒಂದು ಟನ್ನಿನ ಯಂತ್ರ ಕೋಣೆಯಿಂದ ಈ 3.5 ಕಿಲೋವ್ಯಾಟ್ ಶಾಖವನ್ನು ಎತ್ತುವುದಕ್ಕೆ ತಾನೂ 1.1 ಕಿಲೋವ್ಯಾಟ್‌ನಷ್ಟು ವಿದ್ಯುತ್ತನ್ನು ಬಳಸುತ್ತದೆ ಎಂದಿಟ್ಟುಕೊಂಡರೆ, ಎರಡೂ ಸೇರಿ 4.6 ಕಿಲೋವ್ಯಾಟ್ ಶಾಖ ಬೆನ್ನಿನಿಂದ ಹೊರಬೀಳುತ್ತದೆ. ಮೂರು ಮೀಟರ್ ಉದ್ದ, ಮೂರು ಮೀಟರ್ ಅಗಲ, ಎರಡೂವರೆ ಮೀಟರ್ ಎತ್ತರದ ಮುಚ್ಚಿದ ಕೋಣೆಯಲ್ಲಿರುವ ಗಾಳಿಯ ತೂಕ ಹೆಚ್ಚುಕಡಿಮೆ 27 ಕಿಲೋ. ಅಷ್ಟು ಗಾಳಿಯನ್ನು ಒಂದು ಡಿಗ್ರಿ ಬಿಸಿ ಮಾಡಲು ಈ ಶಾಖಕ್ಕೆ ಆರು ಸೆಕೆಂಡು ಸಾಕು. ಗೋಡೆಗಳೂ ಬಿಸಿಯನ್ನು ಹೀರಿಕೊಳ್ಳುವುದರಿಂದ ನಿಜದಲ್ಲಿ ಇಷ್ಟು ಬೇಗ ಏರುವುದಿಲ್ಲವಾದರೂ, ಎಸಿಯ ಬೆನ್ನನ್ನು ಪಕ್ಕದ ಕೋಣೆಗೆ, ಉಗ್ರಾಣಕ್ಕೆ, ಅಟ್ಟಕ್ಕೆ ಅಥವಾ ಮುಚ್ಚಿದ ಬಾಲ್ಕನಿಗೆ ತಿರುಗಿಸಿದರೆ ಏನಾಗುತ್ತದೆ ಎಂಬುದಕ್ಕೆ ಈ ಲೆಕ್ಕವೇ ಉತ್ತರ. ಇನ್ನು ಯಂತ್ರವನ್ನು ಇಡಿಯಾಗಿ ಕೋಣೆಯ ಮಧ್ಯದ ಮೇಜಿನ ಮೇಲಿಟ್ಟು ಓಡಿಸಿದರೆ ಕೋಣೆ ತಂಪಾಗುವ ಬದಲು ಬಳಸಿದ ವಿದ್ಯುತ್ತಿನಷ್ಟು ಬಿಸಿಯೇ ಆಗುತ್ತದೆ.

ಈ ತಪ್ಪನ್ನು ನಾನೇ ಒಮ್ಮೆ ಮಾಡಿದ್ದೇನೆ. ಮನೆಯ ನಡುವೆ ಮೇಲಿನಿಂದ ಕೆಳಗಿನವರೆಗೆ ಇದ್ದ ಕಿರಿದಾದ ಗಾಳಿಗೂಡು ಮೇಲ್ಗಡೆ ತೆರೆದೇ ಇದೆಯಲ್ಲ ಎಂಬ ಧೈರ್ಯದಿಂದ ಯಂತ್ರದ ಬೆನ್ನನ್ನು ಅದಕ್ಕೆ ಕೊಟ್ಟಿದ್ದೆ. ಬೆಳಿಗ್ಗೆಯೆಲ್ಲ ಸರಿಯಾಗಿಯೇ ಓಡುತ್ತಿದ್ದ ಎಸಿ ಮಧ್ಯಾಹ್ನ ಎರಡರ ಹೊತ್ತಿಗೆ 'ಟಕ್' ಎಂದು ಕಂಪ್ರೆಸರ್ ನಿಲ್ಲಿಸಿ ಬರಿಯ ಫ್ಯಾನಿನಂತೆ ಗಾಳಿ ಬೀಸತೊಡಗಿತು. ಅರ್ಧ ಗಂಟೆ ಬಿಟ್ಟು ಮತ್ತೆ ಚಾಲೂ ಆಗುವುದು, ಮತ್ತೆ ನಿಲ್ಲುವುದು, ಹೀಗೆಯೇ ವಾರ ಕಳೆಯಿತು. ಯಂತ್ರದಲ್ಲಿ ಏನೂ ದೋಷವಿರಲಿಲ್ಲ. ಉಗುಳಿದ ಬಿಸಿಗಾಳಿ ಆ ಇಕ್ಕಟ್ಟಿನಲ್ಲಿ ಚದುರದೆ, ಅದನ್ನೇ ಯಂತ್ರ ಮತ್ತೆ ಮತ್ತೆ ಎಳೆದುಕೊಳ್ಳುತ್ತಿದ್ದುದರಿಂದ ಕಂಪ್ರೆಸರಿನ ಮೈ ಕಾದು, ಅದನ್ನು ಕಾಪಾಡಲು ಇಟ್ಟಿರುವ ಓವರ್‌ಲೋಡ್ ಸ್ವಿಚ್ ತನ್ನ ಕೆಲಸ ತಾನು ಮಾಡುತ್ತಿತ್ತು, ಅಷ್ಟೇ.

ಆದ್ದರಿಂದ ಹೊರಗೋಡೆಯನ್ನೇ, ಅದರಲ್ಲೂ ಎದುರಿಗೆ ಬಯಲಿರುವ ಗೋಡೆಯನ್ನೇ ಆರಿಸಬೇಕು. ಬೆನ್ನಿನ ಹಿಂದೆ ಎಷ್ಟು ಜಾಗ ಬಿಡಬೇಕೆಂದು ತಯಾರಕರ ಕೈಪಿಡಿಯಲ್ಲಿ ಬರೆದಿರುತ್ತದೆ. ಅದಕ್ಕಿಂತ ಕಡಿಮೆ ಬಿಡಬಾರದು. ನೇರ ಬಿಸಿಲು ಬೀಳದ ಗೋಡೆ ಸಿಕ್ಕರೆ ಒಳ್ಳೆಯದು, ಸಿಗದಿದ್ದರೆ ಗಾಳಿಗೆ ಅಡ್ಡವಾಗದಷ್ಟು ಎತ್ತರದಲ್ಲಿ ಸಜ್ಜೆಯೊಂದನ್ನು ಕೊಡಬಹುದು. ಗ್ಯಾಸ್ ಗೀಸರ್, ಜನರೇಟರ್ ಅಥವಾ ಕಾರು ನಿಲ್ಲಿಸುವ ಜಾಗದ ಹೊಗೆ ಬರುವ ಕಡೆ ಮಾತ್ರ ಎಸಿಯ ಬೆನ್ನು ಇರಕೂಡದು. ಅನೇಕ ವಿಂಡೋ ಎಸಿಗಳಲ್ಲಿ ಹೊರಗಾಳಿಗೆ ದಾರಿ ಕೊಡುವ ಸಣ್ಣ ಕಿಂಡಿಯೊಂದಿರುತ್ತದೆ. ಅದರ ಮೂಲಕವಾಗಲಿ ಸುತ್ತಲಿನ ಸಂದುಗಳ ಮೂಲಕವಾಗಲಿ ಕಾರ್ಬನ್ ಮಾನಾಕ್ಸೈಡ್ ಮಲಗುವ ಕೋಣೆಗೆ ನುಗ್ಗಿದರೆ ವಾಸನೆಯಿಲ್ಲದ ಆ ಅನಿಲದ ಸುಳಿವೂ ಸಿಗುವುದಿಲ್ಲ. ಬೆಂಕಿ ಬಿದ್ದಾಗ ಹೊರಬರಲು ಇರುವ ಒಂದೇ ದಾರಿಗೂ ಯಂತ್ರ ಅಡ್ಡವಾಗಬಾರದು.

ಗೋಡೆಯಲ್ಲಿ ಎಸಿ ಕೂರಿಸುವವರು ಸಾಮಾನ್ಯವಾಗಿ ಎಡವುವುದು ಒಂದೇ ಅಳತೆಯಲ್ಲಿ. ವಿಂಡೋ ಎಸಿಯ ಎರಡೂ ಪಕ್ಕಗಳಲ್ಲಿ, ಕೆಲವದರಲ್ಲಿ ಮೇಲ್ಭಾಗದಲ್ಲಿಯೂ, ತಗಡನ್ನು ಸೀಳಿ ಮಾಡಿದ ಜಾಲರಿಯಂಥ ಕಂಡಿಗಳಿರುತ್ತವೆ. ಅವು ಅಲಂಕಾರಕ್ಕಲ್ಲ; ಯಂತ್ರದ ಬಿಸಿ ಭಾಗ ಹೊರಗಿನ ಗಾಳಿಯನ್ನು ಒಳಗೆಳೆದುಕೊಳ್ಳುವುದು ಅಲ್ಲಿಂದ, ಉಗುಳುವುದು ಬೆನ್ನಿನಿಂದ. ಕಿಟಕಿಯ ಚೌಕಟ್ಟು ತೆಳುವಾಗಿರುವುದರಿಂದ ಅಲ್ಲಿ ಈ ಕಂಡಿಗಳು ಹೊರಗೇ ಉಳಿಯುತ್ತವೆ. ಗೋಡೆಯಲ್ಲಿ ಇಟ್ಟಿಗೆಯ ನಡುವೆ ಹೂತುಹೋಗಿ ಯಂತ್ರದ ಉಸಿರು ಕಟ್ಟುತ್ತದೆ. ಆದ್ದರಿಂದ ಯಂತ್ರದ ಮುಂದಿನ ಅಂಚಿನಿಂದ ಮೊದಲ ಪಕ್ಕದ ಕಂಡಿಯವರೆಗಿನ ದೂರವನ್ನು ಟೇಪು ಹಿಡಿದು ಅಳೆದು, ಗಾರೆಯೂ ಸೇರಿದಂತೆ ಗೋಡೆಯ ದಪ್ಪದೊಂದಿಗೆ ಹೋಲಿಸಬೇಕು. ಒಂಬತ್ತು ಅಂಗುಲದ ಇಟ್ಟಿಗೆ ಗೋಡೆಗೆ ಎರಡೂ ಕಡೆ ಗಾರೆ ಬಿದ್ದರೆ ದಪ್ಪ ಸುಮಾರು 26 ಸೆಂಟಿಮೀಟರ್ ಆಗುತ್ತದೆ. ಕಂಡಿಗಳು 28 ಸೆಂಟಿಮೀಟರಿನಿಂದ ಶುರುವಾದರೆ ಮುಖವನ್ನು ಗೋಡೆಯ ಮಟ್ಟಕ್ಕೇ ಇಡಬಹುದು. 22ರಿಂದಲೇ ಶುರುವಾದರೆ ಯಂತ್ರವನ್ನು ಕನಿಷ್ಠ ನಾಲ್ಕು ಸೆಂಟಿಮೀಟರ್ ಮೇಲ್ಪಟ್ಟು ಹೊರಕ್ಕೆ ತಳ್ಳಬೇಕೆನಿಸುತ್ತದೆ, ಆದರೆ ಹಾಗೆ ತಳ್ಳಿದರೆ ಮುಖವೇ ಗೋಡೆಯೊಳಗೆ ಇಳಿದು ತಂಪು ಗಾಳಿ ಗೋಡೆಯ ಕಂಡಿಯ ಅಂಚಿಗೆ ಬಡಿದು ಅಲ್ಲೇ ಹಿಂತಿರುಗುತ್ತದೆ. ಅಂಥ ಸಂದರ್ಭದಲ್ಲಿ ಗೋಡೆಯ ಕಂಡಿಯ ಹೊರಭಾಗವನ್ನು ಎರಡೂ ಪಕ್ಕಕ್ಕೆ ಓರೆಯಾಗಿ ಅಗಲಿಸಿ ಗಾಳಿಗೆ ದಾರಿ ಮಾಡಿಕೊಡುವುದು ಒಂದು ಉಪಾಯ. ಕಲ್ಲಿನ ದಪ್ಪ ಗೋಡೆಗಳಲ್ಲಿ ಇದೂ ಸಾಲದು; ಅಲ್ಲಿ ಪಕ್ಕದ ಕಂಡಿಗಳಿಲ್ಲದೆ ಬೆನ್ನಿನಿಂದಲೇ ಗಾಳಿ ಎಳೆದು ಬೆನ್ನಿನಿಂದಲೇ ಬಿಡುವ, ಗೋಡೆಗೆಂದೇ ತಯಾರಾದ ಯಂತ್ರವನ್ನು ಹುಡುಕುವುದೇ ಸರಿ.

ಅಳತೆ ಹೊಂದಿದ ಮೇಲೆ ಗೋಡೆಯ ಪರೀಕ್ಷೆ. ಕಾಂಕ್ರೀಟಿನ ಕಂಬ, ತೊಲೆಗಳನ್ನು ಯಾವ ಕಾರಣಕ್ಕೂ ಕೊರೆಯಬಾರದು. ಮೇಲಿನ ಅಂತಸ್ತಿನ ಭಾರ ಗೋಡೆಯ ಮೇಲೆಯೇ ನಿಂತಿದ್ದರೆ ಎಂಜಿನಿಯರೊಬ್ಬರಿಗೆ ತೋರಿಸದೆ ಉಳಿ ಎತ್ತುವುದು ಬೇಡ. ಸ್ವಿಚ್‌ಬೋರ್ಡಿನ ನೇರಕ್ಕೆ ಮೇಲೆ ಕೆಳಗೆ ವೈರಿನ ಪೈಪು, ನಲ್ಲಿಯ ನೇರಕ್ಕೆ ನೀರಿನ ಪೈಪು ಹಾದುಹೋಗಿರುವ ಸಂಭವ ಹೆಚ್ಚು. ಮೇನ್ ಆಫ್ ಮಾಡಿಯೇ ಕೆಲಸ ಆರಂಭಿಸಬೇಕು. ಕಂಡಿಯ ಗಾತ್ರವನ್ನು ಯಂತ್ರದ ಹೊರಕವಚಕ್ಕಿಂತ ಸುತ್ತಲೂ ಒಂದು ಸೆಂಟಿಮೀಟರ್ ದೊಡ್ಡದಾಗಿಯೂ, ಮರದ ಅಥವಾ ಕಬ್ಬಿಣದ ಚೌಕಟ್ಟು ಕೊಡುವುದಾದರೆ ಅದರ ದಪ್ಪವನ್ನು ಸೇರಿಸಿಯೂ ಗುರುತು ಹಾಕಬೇಕು. ಗುರುತಿನ ಗೆರೆಯ ಮೇಲೆ ಕಟಿಂಗ್ ಮಷಿನ್ನಿನಿಂದ ಎರಡೂ ಕಡೆ ಸೀಳಿಕೊಂಡು ಆಮೇಲೆ ಉಳಿ ಸುತ್ತಿಗೆ ಬಳಸಿದರೆ ಗಾರೆ ಚಕ್ಕೆಚಕ್ಕೆಯಾಗಿ ಏಳುವುದಿಲ್ಲ. ಆದರೆ ಮೊದಲು ತೆಗೆಯಬೇಕಾದದ್ದು ಲಿಂಟಲಿನ (ಕಂಡಿಯ ಮೇಲಿನ ಗೋಡೆಯ ಭಾರ ಹೊರುವ ಅಡ್ಡಪಟ್ಟಿಯ) ಜಾಗವನ್ನು, ಕಂಡಿಯನ್ನಲ್ಲ: ಕಂಡಿಯ ಮೇಲಂಚಿನಲ್ಲಿ ಎರಡೂ ಪಕ್ಕಕ್ಕೆ ಕನಿಷ್ಠ 15 ಸೆಂಟಿಮೀಟರ್ ಇಟ್ಟಿಗೆಯ ಮೇಲೆ ಕೂರುವಂತೆ ಲಿಂಟಲನ್ನು ಸೇರಿಸಿ, ಅದು ಗಟ್ಟಿಯಾದ ಮೇಲೆ ಕೆಳಗಿನ ಇಟ್ಟಿಗೆಗಳನ್ನು ಬಿಡಿಸಬೇಕು. ಇದು ಗಾರೆ ಕೆಲಸದಲ್ಲಿ ನುರಿತವರ ಕೆಲಸ. ಹಣ ಉಳಿಸುವುದಿದ್ದರೆ ಬೇರೆ ಕಡೆ ಉಳಿಸಬಹುದು.

ಯಂತ್ರದ ಭಾರ ಒಂದೂವರೆ ಟನ್ನಿನದಾದರೆ 50 ಕಿಲೋ ಮೀರುವುದುಂಟು, ಮತ್ತು ಅದರ ಬಹುಪಾಲು ಕಂಪ್ರೆಸರ್ ಇರುವ ಹಿಂಭಾಗದಲ್ಲಿ, ಅಂದರೆ ಗೋಡೆಯ ಆಚೆ ಗಾಳಿಯಲ್ಲಿ ಇರುತ್ತದೆ. ಬರಿಯ ಕಂಡಿಯ ಅಂಚಿನ ಮೇಲೆ ಅದನ್ನು ನಂಬಿ ಬಿಡುವಂತಿಲ್ಲ. ಹೊರಗಡೆ ಆಂಗಲ್ ಕಬ್ಬಿಣದ ಎರಡು ತ್ರಿಕೋನ ಬ್ರಾಕೆಟ್‌ಗಳನ್ನು ಆಂಕರ್ ಬೋಲ್ಟ್ ಹಾಕಿ ಬಿಗಿಯಬೇಕು. ಟೊಳ್ಳು ಬ್ಲಾಕಿನ ಗೋಡೆಯಲ್ಲಿ ಆಂಕರ್ ಹಿಡಿತ ಕೊಡುವುದಿಲ್ಲವಾದ್ದರಿಂದ ಬೋಲ್ಟನ್ನು ಗೋಡೆಯ ಆಚೆಯಿಂದ ಈಚೆಗೆ ಹಾಯಿಸಿ ಒಳಗಡೆ ಕಬ್ಬಿಣದ ಪಟ್ಟಿ ಕೊಟ್ಟು ನಟ್ಟು ಹಾಕಬೇಕು. ಯಂತ್ರ ಮತ್ತು ಬ್ರಾಕೆಟ್ಟಿನ ನಡುವೆ ದಪ್ಪ ರಬ್ಬರಿನ ತುಂಡುಗಳನ್ನಿಟ್ಟರೆ ಕಂಪ್ರೆಸರಿನ ನಡುಕ ಗೋಡೆಗೆ ಇಳಿದು ರಾತ್ರಿ ಗುಂಯ್‌ಗುಡುವುದು ತಪ್ಪುತ್ತದೆ.

ಒಳಯಂತ್ರವನ್ನು ಮುಂದಕ್ಕೆ ಎಳೆದು ಹೊರಕವಚದಿಂದ ಬೇರ್ಪಡಿಸಲು ಸಾಧ್ಯವಿರುವ ಮಾದರಿಯಾದರೆ, ಮೊದಲು ಖಾಲಿ ಕವಚವನ್ನಷ್ಟೇ ಕಂಡಿಯಲ್ಲಿಟ್ಟು ಸ್ಕ್ರೂ ಹಾಕುವುದು ಜಾಣತನ. ಒಳಗೆ ಯಂತ್ರವಿರುವಾಗ ಉದ್ದನೆಯ ಸ್ಕ್ರೂ ಹೊಡೆದರೆ ಅದು ತಂಪು ಮಾಡುವ ಅನಿಲ ಹರಿಯುವ ಕಾಯಿಲ್ ಪೈಪನ್ನು ತೂತು ಮಾಡಿ ಗ್ಯಾಸೆಲ್ಲ ಹೊರಹೋಗಬಹುದು. ಈಗಿನ ಹಲವು ಯಂತ್ರಗಳಲ್ಲಿರುವ ಆರ್-32 ಅಲ್ಪಮಟ್ಟಿಗೆ, ಆರ್-290 ಚೆನ್ನಾಗಿಯೇ ಹೊತ್ತಿಕೊಳ್ಳುವ ಅನಿಲಗಳು. ಕವಚ ಕೂರಿಸುವಾಗ ರಸಮಟ್ಟವನ್ನು ಎರಡು ಸಲ ಇಟ್ಟು ನೋಡಬೇಕು. ಎಡಬಲಕ್ಕೆ ಗುಳ್ಳೆ ನಟ್ಟನಡುವೆ ನಿಲ್ಲಬೇಕು. ಮುಂದುಹಿಂದಕ್ಕೆ ಇಟ್ಟಾಗ ಗುಳ್ಳೆ ತುಸು ಕೋಣೆಯ ಕಡೆಗೆ ಸರಿದಿರಬೇಕು, ಅಂದರೆ ಬೆನ್ನು ಸುಮಾರು ಒಂದು ಸೆಂಟಿಮೀಟರ್ ತಗ್ಗಿರಬೇಕು. ತೇವದ ಹವೆಯಲ್ಲಿ ಒಂದು ಟನ್ನಿನ ಯಂತ್ರ ಗಂಟೆಗೆ ಒಂದರಿಂದ ಒಂದೂವರೆ ಲೀಟರ್‌ವರೆಗೂ ನೀರು ಇಳಿಸಬಹುದು. ಇಳಿಜಾರು ತಿರುಗುಮುರುಗಾದರೆ ಅಷ್ಟೂ ನೀರು ಹಾಸಿಗೆಯ ಕಡೆಗೆ ಹರಿಯುತ್ತದೆ. ಇಳಿಜಾರು ಅತಿಯಾಗಲೂ ಬಾರದು, ಯಂತ್ರದ ತಳದ ತಟ್ಟೆಯಲ್ಲಿ ಸ್ವಲ್ಪ ನೀರು ನಿಂತಿರಬೇಕು. ಹಿಂದಿನ ಫ್ಯಾನಿನ ಅಂಚಿನ ಉಂಗುರದಿಂದ ತಟ್ಟೆಯ ನೀರನ್ನು ಎತ್ತಿ ಬಿಸಿ ಕಾಯಿಲಿನ ಮೇಲೆ ಎರಚಿ ತಂಪಿಸುವ ಮಾದರಿಗಳಿವೆ. ಹಿಂದೆ ಕೇಳುವ ಚಿಟಪಟ ಸದ್ದು ಅದರದೇ. ಅದನ್ನು ದೋಷವೆಂದು ತಿಳಿದು ತಟ್ಟೆಗೆ ಹೊಸ ತೂತು ಕೊರೆಯಬೇಡಿ. ನೀರು ಕೆಳಗಿನವರ ಗೋಡೆಯ ಮೇಲೆ ಇಳಿಯುವಂತಿದ್ದರೆ ಇರುವ ಡ್ರೈನ್ ಬಾಯಿಗೇ ಪೈಪು ಜೋಡಿಸಿ ಚರಂಡಿಗೆ ಬಿಡಬೇಕು.

ಬಾಗಿಲ ಮೇಲಿನ ವೆಂಟಿಲೇಟರ್ ಜಾಗಕ್ಕೆ ಲಿಂಟಲ್ ಆಗಲೇ ಇರುವುದರಿಂದ ಒಡೆಯುವ ಕೆಲಸ ಕಡಿಮೆ, ತಂಪು ಗಾಳಿ ಭಾರವಾಗಿ ಕೆಳಗಿಳಿಯುವುದರಿಂದ ಎತ್ತರವೂ ಅನುಕೂಲವೇ. ಆದರೆ ಬಾಗಿಲ ಚೌಕಟ್ಟಿನ ಮೇಲೆ ಭಾರ ಹೇರಬಾರದು. ನೆಲದವರೆಗೆ ಕಾಲಿರುವ ಕಬ್ಬಿಣದ ಚೌಕಟ್ಟನ್ನೋ ಗೋಡೆಗೆ ಬಿಗಿದ ಬ್ರಾಕೆಟ್ಟನ್ನೋ ಕೊಡಬೇಕು. ಹದಿನೈದು ದಿನಕ್ಕೊಮ್ಮೆ ಏಣಿ ಹತ್ತಿ ಫಿಲ್ಟರ್ ತೊಳೆಯಲು ಮನೆಯಲ್ಲಿ ಯಾರಾದರೂ ಸಿದ್ಧರಿದ್ದಾರೆಯೇ ಎಂಬುದನ್ನೂ ಮೊದಲೇ ಕೇಳಿಕೊಳ್ಳಬೇಕು. ಉದ್ದನೆಯ ಕಿರಿದಾದ ಸಂದಿಗೆ ಹೊಂದಲೆಂದು ಯಂತ್ರವನ್ನು ಪಕ್ಕಕ್ಕೆ ಮಗುಚಿ ನಿಲ್ಲಿಸುವ ಯೋಚನೆಯನ್ನು ಬಿಟ್ಟುಬಿಡಿ. ಕಂಪ್ರೆಸರಿನ ಎಣ್ಣೆಯೂ ತಟ್ಟೆಯ ನೀರೂ ನೆಟ್ಟಗೆ ಕೂತ ಯಂತ್ರಕ್ಕಾಗಿಯೇ ಲೆಕ್ಕಹಾಕಿದವು.

ವಿದ್ಯುತ್ತಿನ ವಿಷಯದಲ್ಲಿ ಚೌಕಾಸಿ ಬೇಡ. ಯಂತ್ರದ ಲೇಬಲ್ಲಿನಲ್ಲಿರುವ ಆಂಪಿಯರ್ ನೋಡಿ, ಮೇನ್ ಬೋರ್ಡಿನಿಂದ ಅದಕ್ಕೆಂದೇ ಪ್ರತ್ಯೇಕ ತಾಮ್ರದ ವೈರು, ಪ್ರತ್ಯೇಕ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನಾಗಿ ಆಫ್ ಆಗುವ ಸ್ವಿಚ್) ಮತ್ತು ಸರಿಯಾದ ಅರ್ತಿಂಗ್ ಇರುವ ಪ್ಲಗ್ ಪಾಯಿಂಟನ್ನು ಎಲೆಕ್ಟ್ರಿಷಿಯನ್‌ರಿಂದಲೇ ಹಾಕಿಸಬೇಕು. ಸಾಮಾನ್ಯ ಕಂಪ್ರೆಸರ್ ಚಾಲೂ ಆಗುವ ಕ್ಷಣದಲ್ಲಿ ಓಡುವಾಗಿನದಕ್ಕಿಂತ ಹಲವು ಪಟ್ಟು ಕರೆಂಟು ಎಳೆಯುತ್ತದೆ. ಎಕ್ಸ್‌ಟೆನ್ಷನ್ ಬಾಕ್ಸುಗಳು ಕರಗುವುದು ಹೀಗೆಯೇ.

ಕವಚದ ಸುತ್ತಲಿನ ಸಂದಿಗೆ ಒಳಗಿನಿಂದ ಫೋಮ್ ಪಟ್ಟಿ ತುಂಬಿ, ಹೊರ ಅಂಚಿಗೆ ಸಿಲಿಕೋನ್ ಸೀಲೆಂಟ್ ಎಳೆಯಬೇಕು. ಡಬ್ಬಿಯಿಂದ ಉಬ್ಬಿಬರುವ ಪಿಯು ಫೋಮ್ ಸುಲಭವಾದರೂ ಬಿಸಿಲಿಗೆ ಪುಡಿಯಾಗುತ್ತದೆ, ಹಾಗಾಗಿ ಅದರ ಮೇಲೆ ಬಣ್ಣವೋ ಪಟ್ಟಿಯೋ ಬೇಕು. ಅದು ಉಬ್ಬುವ ಭರದಲ್ಲಿ ಪಕ್ಕದ ಗಾಳಿಕಂಡಿಗಳಿಗೆ ನುಗ್ಗದಂತೆಯೂ ನೋಡಿಕೊಳ್ಳಬೇಕು. ಸಾಗಿಸುವಾಗ ಯಂತ್ರ ವಾಲಿದ್ದರೆ ಕೆಲವು ಗಂಟೆ ನೆಟ್ಟಗಿಟ್ಟು ಆಮೇಲೆ ಚಾಲೂ ಮಾಡಿ, ಮತ್ತು ಒಮ್ಮೆ ನಿಲ್ಲಿಸಿದರೆ ಮೂರು ನಿಮಿಷ ಬಿಟ್ಟೇ ಮತ್ತೆ ಒತ್ತಿ.

ಇಪ್ಪತ್ತು ನಿಮಿಷ ಓಡಿದ ಮೇಲೆ ಥರ್ಮಾಮೀಟರನ್ನು ಮೊದಲು ಗಾಳಿ ಎಳೆದುಕೊಳ್ಳುವ ಜಾಲರಿಯ ಎದುರು, ನಂತರ ತಂಪು ಬೀಸುವ ಬಾಯಿಯ ಎದುರು ಹಿಡಿಯಬೇಕು. ವ್ಯತ್ಯಾಸ 8ರಿಂದ 12 ಡಿಗ್ರಿಯಷ್ಟಿದ್ದರೆ ಸರಿಯಾಗಿದೆ. ಕಡಿಮೆಯಿದ್ದರೆ ಹೊರಗೆ ಹೋಗಿ ಅದೇ ಥರ್ಮಾಮೀಟರನ್ನು ಪಕ್ಕದ ಕಂಡಿಗಳ ಬಳಿ ಹಿಡಿದು ನೋಡಿ: ಅಲ್ಲಿಯ ಗಾಳಿ ನಾಲ್ಕು ಹೆಜ್ಜೆ ಆಚೆಯ ಗಾಳಿಗಿಂತ ಸ್ಪಷ್ಟವಾಗಿ ಬಿಸಿಯಾಗಿದ್ದರೆ ಯಂತ್ರ ತಾನು ಬಿಟ್ಟ ಗಾಳಿಯನ್ನೇ ತಾನು ಕುಡಿಯುತ್ತಿದೆ ಎಂದರ್ಥ, ಆಗ ಬೆನ್ನಿನ ಎದುರಿನ ಅಡ್ಡಿಯನ್ನು ತೆಗೆಯಬೇಕು ಅಥವಾ ಯಂತ್ರವನ್ನು ಇನ್ನೆರಡು ಸೆಂಟಿಮೀಟರ್ ಹೊರಕ್ಕೆ ಸರಿಸಬೇಕು. ಹೊರಗಿನ ಬಿಸಿ ಹೆಚ್ಚಿದಷ್ಟೂ ಯಂತ್ರದ ಪಾಡು ಹದಗೆಡುವುದರಿಂದ ಈ ಪರೀಕ್ಷೆಯನ್ನು ಸಂಜೆಯ ತಂಪಿನಲ್ಲಿ ಮಾಡದೆ ಬಿಸಿಲು ನೆತ್ತಿಗೇರಿದ ಮಧ್ಯಾಹ್ನವೇ ಮಾಡಿ.