ತಾರಸಿ ಧೂಳಿನಲ್ಲಿ ಆಕಾಶದ ಕಣ ಹುಡುಕಿದ್ದು

ನಾನು ತಿಪಟೂರಿನಲ್ಲಿ ಹೈಸ್ಕೂಲ್ ವಿಜ್ಞಾನದ ಮೇಷ್ಟ್ರು. ನಾರ್ವೆಯ ಯಾನ್ ಲಾರ್ಸನ್ ಊರೊಳಗಿನ ಕಟ್ಟಡಗಳ ಮೇಲಿಂದಲೇ ಬಾಹ್ಯಾಕಾಶದ ಕಣಗಳನ್ನು ಹೆಕ್ಕಿದ್ದಾರೆ, 2017ರಲ್ಲಿ ಅದು ವಿಜ್ಞಾನ ಪತ್ರಿಕೆಯಲ್ಲೂ ಬಂದಿದೆ ಅಂತ ತಿಳಿದ ಮೇಲೆ ಸುಮ್ನೆ ಕೂರಲು ಆಗಲಿಲ್ಲ. ನಮ್ಮ ಶಾಲೆಗೂ ತಾರಸಿ ಇದೆ ಅಲ್ವಾ?

ಮಳೆಗಾಲ ಮುಗಿದ ಮೇಲೆ ಮಕ್ಕಳನ್ನು ಕಟ್ಟಿಕೊಂಡು ಹತ್ತಿದೆ. ನೀರು ಇಳಿಯುವ ಪೈಪಿನ ಬಾಯಲ್ಲಿ ಕೂತಿದ್ದ ಮಣ್ಣನ್ನು ಗುಡಿಸಿದೆವು. ಬಕೆಟ್ ನೀರಿನಲ್ಲಿ ಕದಡಿ, ತೇಲಿದ ಎಲೆ, ತೆಂಗಿನ ನಾರು ಚೆಲ್ಲಿದೆವು. ಒಣಗಿದ ಮಣ್ಣಿನ ಮೇಲೆ ಪ್ಲಾಸ್ಟಿಕ್ ಕವರಿನಲ್ಲಿಟ್ಟ ಅಯಸ್ಕಾಂತ ಆಡಿಸಿದೆವು. ಅಯಸ್ಕಾಂತ ಹೊರಗೆ ತೆಗೆದರೆ ಅಂಟಿದ್ದೆಲ್ಲ ಕಾಗದಕ್ಕೆ ಉದುರುತ್ತದೆ.

ನಿಜವಾದ ಕೆಲಸ ಆಮೇಲಿನದು. ಪಕ್ಕದ ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲಿ ಕಬ್ಬಿಣದ ಅದಿರಿದೆ. ಅಯಸ್ಕಾಂತಕ್ಕೆ ಅಂಟುವ ಮಣ್ಣು ಇಲ್ಲಿ ಜಾಸ್ತಿ. ಆದರೆ ಅದರ ಚೂರುಗಳು ಮೊನಚಾಗಿರುತ್ತವೆ, ಬೇಗ ಬದಿಗಿಡಬಹುದು. ವೆಲ್ಡಿಂಗ್ ಕಿಡಿಯ ಗುಂಡುಗಳೇ ಕಷ್ಟ. ಅವೂ ದುಂಡಗೇ ಇರುತ್ತವೆ. ಹೆಚ್ಚಿನವು ನುಣ್ಣಗೆ ಹೊಳೆಯುತ್ತವೆ, ಕೆಲವು ಟೊಳ್ಳು. ಆಕಾಶದ ಕಲ್ಲಿನ ಗುಂಡು ಸುಮಾರು 0.3 ಮಿಲಿಮೀಟರ್. ಮೈಮೇಲೆ ಸಾಲು ಸಾಲು ಹರಳಿನ ಗೆರೆ. ಸೆಕೆಂಡಿಗೆ 11 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಗಾಳಿಗೆ ನುಗ್ಗಿ, ಕರಗಿ, ಥಟ್ಟನೆ ಆರಿದ ಗುರುತು ಅದು. ನೂರಾರು ಗುಂಡು ನೋಡಿದರೆ ಮಾತ್ರ ಕಣ್ಣು ಪಳಗುತ್ತದೆ.

ಅಂಥ ಒಂದು ಕಣವನ್ನು ಬೆಂಗಳೂರಿನಲ್ಲಿರುವ ನನ್ನ ಹಳೇ ವಿದ್ಯಾರ್ಥಿನಿ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದಳು. ಆಲಿವಿನ್ ಅನ್ನುವ ಖನಿಜದ ಪಟ್ಟಿಗಳು, ನಡುನಡುವೆ ಮ್ಯಾಗ್ನೆಟೈಟ್ ಅನ್ನುವ ಕಬ್ಬಿಣದ ಖನಿಜ. ಚಿತ್ರ ಬಂದ ದಿನ ತರಗತಿಯೆಲ್ಲ ಕುಣಿಯಿತು.

“ಸಾರ್, ಇದು ಯಾವ ಧೂಮಕೇತುವಿಂದು?” ಅಂತ ಒಬ್ಬಳು ಕೇಳಿದಳು.

“ಇದರಿಂದ ಹೇಳಕ್ಕಾಗಲ್ಲ ಕಣಮ್ಮ” ಅಂದೆ. ಕ್ಷುದ್ರಗ್ರಹದ್ದೂ ಇರಬಹುದು. ಕರಗಿದಾಗ ಹಳೆಯ ಗುರುತುಗಳು ಕಲಸಿಹೋಗುತ್ತವೆ. ಮೂಲ ಹುಡುಕಲು ಕರಗದ ಕಣ ಬೇಕು. ಮಿಲಿಮೀಟರಿನ ನೂರನೇ ಒಂದು ಭಾಗದಷ್ಟಿರುವ ಕಣಗಳು ತುಂಬ ಎತ್ತರದಲ್ಲೇ ವೇಗ ಕಳೆದುಕೊಂಡು, ಕರಗದೆ ಉಳಿಯುತ್ತವೆ. 1970ರ ದಶಕದಲ್ಲಿ ಅಮೆರಿಕದ ವಿಜ್ಞಾನಿ ಡೊನಾಲ್ಡ್ ಬ್ರೌನ್‌ಲೀ ಅವನ್ನು ನಾಸಾದ ಯು-2 ವಿಮಾನದಿಂದ, ಸುಮಾರು 20 ಕಿಲೋಮೀಟರ್ ಎತ್ತರದಲ್ಲಿ, ಸಿಲಿಕೋನ್ ಎಣ್ಣೆ ಬಳಿದ ಫಲಕಗಳ ಮೇಲೆ ಹಿಡಿದರು.

ಆದರೂ ಇಂಥದ್ದೇ ಧೂಮಕೇತು ಅನ್ನುವುದು ಹೇಗೆ? ನನಗೆ ತುಂಬ ಇಷ್ಟವಾದ ಭಾಗ ಇದು. ಗ್ರಿಗ್-ಶೆಲ್ಲೆರುಪ್ ಧೂಮಕೇತುವಿನ ಧೂಳಿನ ಹಾದಿಯನ್ನು ಭೂಮಿ ಯಾವಾಗ ದಾಟುತ್ತದೆ ಅಂತ ನಾಸಾ ವಿಜ್ಞಾನಿ ಸ್ಕಾಟ್ ಮೆಸೆಂಜರ್ ಮೊದಲೇ ಲೆಕ್ಕ ಹಾಕಿದ್ದರು. ಆ ಧೂಳು ನಿಧಾನವಾಗಿ ಬರುವುದರಿಂದ ಕರಗದೆ ಉಳಿಯುವ ಸಾಧ್ಯತೆಯೂ ಹೆಚ್ಚು. 2003ರ ಏಪ್ರಿಲ್‌ನಲ್ಲಿ ಸರಿಯಾಗಿ ಆ ಹೊತ್ತಿಗೇ ನಾಸಾ ವಿಮಾನ ಹಾರಿಸಿತು. ಹಿಡಿದ ಧೂಳಿನಲ್ಲಿ ಮ್ಯಾಂಗನೀಸ್ ಮತ್ತು ಸಿಲಿಕಾನ್ ಸೇರಿದ ಹೊಸ ಖನಿಜವೊಂದು ಸಿಕ್ಕಿತು. 2008ರಲ್ಲಿ ಅದಕ್ಕೆ ಬ್ರೌನ್‌ಲೀಐಟ್ ಅಂತ ಹೆಸರಿಟ್ಟರು.