ಕೂಲಿಯ ಲೆಕ್ಕವನ್ನು ಸಾಲದ ಕಡೆಯಿಂದ ಹಿಡಿದೆವು: ನನ್ನ ಅನುಭವ

ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಕೂಲಿ ಎಷ್ಟು ಸಾಲದು ಎಂಬುದನ್ನು ಅವರು ಮಾಡುವ ಸಾಲದಿಂದಲೇ ಅಳೆಯಬಹುದು ಅಂದಾಗ ನಮ್ಮವರೇ ಒಪ್ಪಲಿಲ್ಲ. "ಸಾಲ ಅಂದ್ರೆ ಮದುವೆ, ಜಾತ್ರೆ, ಟೀವಿ. ಅದರಿಂದ ಕೂಲಿ ಲೆಕ್ಕ ಹೇಗೆ ಬರುತ್ತೆ ಮೇಡಂ?" ಅಂದರು ವಿಶ್ವವಿದ್ಯಾಲಯದವರೊಬ್ಬರು. 2025ರ ಏಪ್ರಿಲ್‌ನಲ್ಲಿ ಸರ್ಕಾರ ಕನಿಷ್ಠ ವೇತನದ ಕರಡು ಹೊರಡಿಸಿದಾಗ ಅದೇ ಲೆಕ್ಕವನ್ನು ನಮ್ಮ ಮನವಿಗೆ ಲಗತ್ತಿಸಿದೆವು. ಈಗ ನಮೂನೆ ಕಳಿಸಿ ಅಂತ ಮೂರ್ನಾಲ್ಕು ಯೂನಿಯನ್‌ಗಳಿಂದ ಫೋನ್ ಬರುತ್ತಿದೆ.

ಕುಟುಂಬಕ್ಕೆ ಬೇಕಾದ ಊಟ, ಬಟ್ಟೆ, ಬಾಡಿಗೆ ಕೂಡಿಸಿ ಕನಿಷ್ಠ ಕೂಲಿ ಕಟ್ಟುವುದು 1957ರ ಸೂತ್ರ. ಅದರ ಮೇಲೆ ಮಕ್ಕಳ ಓದು, ಔಷಧಿಯಂಥವಕ್ಕೆ ಶೇ 25 ಸೇರಿಸಿ ಅಂದದ್ದು ಸುಪ್ರೀಂ ಕೋರ್ಟಿನ ರೆಪ್ಟಕೋಸ್ ತೀರ್ಪು. ತೊಡಕು ಇರುವುದು ಬೆಲೆ ಹಾಕುವಲ್ಲಿ. ನಾವು ತೊಗರಿಬೇಳೆಗೆ ಒಂದು ದರ ಬರೆದರೆ ಮಾಲೀಕರ ಕಡೆಯವರು ಇನ್ನೊಂದು ತೋರಿಸುತ್ತಾರೆ. ಕೊನೆಗೆ ಚರ್ಚೆಯೆಲ್ಲ ಬೇಳೆಯಲ್ಲೇ ಬೆಂದುಹೋಗುತ್ತದೆ.

ಮೊದಲು ಹಣ ಕೊಟ್ಟವರ ಇಚ್ಛೆಯಂತೆ ಉದ್ದದ ಪ್ರಶ್ನಾವಳಿ ಹಿಡಿದು ಹೋಗಿದ್ದೆವು. ಹತ್ತಿರ ಹತ್ತಿರ ಎರಡು ಲಕ್ಷ ಖರ್ಚಾಯಿತು. ಬಂದ ಉತ್ತರಗಳೆಲ್ಲ ದುಂಡು ಸಂಖ್ಯೆಗಳು: ಬಾಡಿಗೆ ಐದು ಸಾವಿರ, ದಿನಸಿ ನಾಲ್ಕು ಸಾವಿರ, ಆಸ್ಪತ್ರೆ "ಅಷ್ಟೇನಿಲ್ಲ". ಆಮೇಲೆ ಮೊಬೈಲ್ ಆ್ಯಪ್. ಸಂಜೆ ಹೊತ್ತಿಗೆ ಫೋನ್ ಮಗನ ಕೈಗೆ ಹೋಗುತ್ತದೆ, ಯಾರು ತುಂಬಬೇಕು? ಆ ದುಡ್ಡೂ ನೀರಿನಲ್ಲಿ ಹೋಮ. ಅನುದಾನವೂ ಅಲ್ಲಿಗೆ ನಿಂತಿತು.

ಉಳಿದದ್ದು ಹದಿನೈದು ರೂಪಾಯಿಯ ನೋಟ್‌ಬುಕ್. ಪೀಣ್ಯ ಮತ್ತು ಮೈಸೂರು ರಸ್ತೆ ಕಡೆಯ ಸುಮಾರು ಅರವತ್ತು ಮನೆ. ಖರ್ಚು ಬರೆಯಿರಿ ಅಂತ ಕೇಳಲೇ ಇಲ್ಲ. ಬರೆಯಬೇಕಾದ್ದು ಇಷ್ಟೇ: ಈ ತಿಂಗಳು ಯಾರಿಂದ ಎಷ್ಟು ತಂದಿರಿ, ಯಾವುದಕ್ಕೆ. ಖರ್ಚು ಮರೆತುಹೋಗುತ್ತದೆ, ಸಾಲ ಮರೆಯುವುದಿಲ್ಲ. ಒಂದು ಪುಟ ಹೀಗಿತ್ತು: "ಅಂಗಡಿ ಉದ್ರಿ 1,150. ಪಕ್ಕದ ಮನೆ ಅಕ್ಕ 500, ಗ್ಯಾಸು. ಸಂಘ 2,000, ಬಾಡಿಗೆಗೆ. ಚೀಟಿ ಕಟ್ಟಲಿಲ್ಲ." ಟೀವಿಯೂ ಇಲ್ಲ, ಜಾತ್ರೆಯೂ ಇಲ್ಲ. ಮದುವೆ, ಮನೆ, ಒಡವೆ ಸಾಲಗಳನ್ನೂ ಹಳೆ ಸಾಲ ತೀರಿಸಲು ತಂದ ಹೊಸ ಸಾಲವನ್ನೂ ಪಕ್ಕಕ್ಕಿಟ್ಟು, ಹೊಟ್ಟೆ, ಬಾಡಿಗೆ, ಔಷಧಿ, ಸ್ಕೂಲಿಗೆ ತಂದದ್ದನ್ನು ಮಾತ್ರ ಕೂಡಿದೆವು. ಮನೆಗೆ ತಿಂಗಳಿಗೆ ಸರಾಸರಿ ನಾಲ್ಕು ಸಾವಿರದ ಆಸುಪಾಸು ಬಂತು. ಪಿಎಫ್, ಇಎಸ್‌ಐ ಕಳೆದು ಕೈಗೆ ಸಿಗುತ್ತಿದ್ದದ್ದು ಹನ್ನೊಂದು, ಹನ್ನೆರಡು ಸಾವಿರ. ಗಂಡನ ದುಡಿಮೆ ಮನೆಗೆ ಬಂದಷ್ಟನ್ನೂ ಹಿಡಿದ ಮೇಲಿನ ಕೊರತೆ ಆ ನಾಲ್ಕು ಸಾವಿರ. ಬೇಳೆಯ ದರದ ಮೇಲೆ ಜಗಳವಾಡಬಹುದು, ಅಂಗಡಿಯವನ ಉದ್ರಿ ಪುಸ್ತಕದ ಮೇಲೆ ಆಡುವುದು ಕಷ್ಟ. ಅಂಗಡಿ ಪುಸ್ತಕದ ಜೊತೆ ತಾಳೆ ನೋಡಿದಾಗ ಕೆಲವು ನೂರು ರೂಪಾಯಿ ಆಚೀಚೆ ಅಷ್ಟೇ.

ಗಂಡನ ಕಣ್ಣಿಗೆ ಬೀಳುವ ಪುಸ್ತಕದಲ್ಲಿ ತವರಿಗೆ ಕಳಿಸಿದ ದುಡ್ಡನ್ನು ಯಾವ ಹೆಣ್ಣೂ ಬರೆಯುವುದಿಲ್ಲ. ಅದಕ್ಕೊಂದು ಉಪಾಯ ಕಂಡುಕೊಂಡಿದ್ದೇವೆ. ಇಲ್ಲಿ ಬರೆದರೆ ನಾಳೆ ಅದು ಕೆಲಸಕ್ಕೆ ಬರುವುದಿಲ್ಲ. ಜೊತೆಗೆ ಕೂತಾಗ ಹೇಳುತ್ತೇನೆ.

ನಡುವೆ ಇನ್ನೊಂದನ್ನೂ ನೋಡಿದೆವು. 2023ರ ಜೂನ್‌ನಲ್ಲಿ ಹೆಂಗಸರಿಗೆ ಬಸ್ ಉಚಿತ ಮಾಡಿದ ಶಕ್ತಿ ಯೋಜನೆ ಬಂತಲ್ಲ, ಉಳಿದ ಬಸ್ಸಿನ ದುಡ್ಡು ಎಲ್ಲಿ ಹೋಯಿತು ಅಂತ. ಬಿಎಂಟಿಸಿಯಲ್ಲಿ ಓಡಾಡುವವರ ಪುಸ್ತಕದಲ್ಲಿ ಅಂಗಡಿ ಉದ್ರಿ ಇಳಿದದ್ದು ಕಂಡಿತು. ಶಿಫ್ಟಿಗೆ ಹೊತ್ತಾಗುತ್ತದೆಂದು ಟೆಂಪೋ ಹಿಡಿಯುವವರಿಗೆ ಏನೂ ಉಳಿದಿರಲಿಲ್ಲ. ನೋಡಿದ ಮನೆ ಕಡಿಮೆ, ಸಾಬೀತು ಅನ್ನುವುದಿಲ್ಲ. ಆದರೆ ಸರ್ಕಾರದ ಒಂದು ಆದೇಶ ಮನೆಯ ಉದ್ರಿವರೆಗೆ ಇಳಿದು ಬಂದದ್ದನ್ನು ಕಣ್ಣಾರೆ ನೋಡಿ ನಮ್ಮ ಹುಡುಗಿಯರಿಗೆ ಬಂದ ಹುರುಪು ಬೇರೆಯೇ.

ಈ ನೋಟ್‌ಬುಕ್ ಸುತ್ತಿಗೆ ಒಟ್ಟು ಖರ್ಚು ಅರವತ್ತು, ಎಪ್ಪತ್ತು ಸಾವಿರ. ಅರ್ಧಕ್ಕೂ ಹೆಚ್ಚು ಭಾನುವಾರ ಪುಸ್ತಕ ತಂದ ಕಾರ್ಮಿಕರಿಗೇ ಹೋಯಿತು. ಅದರಲ್ಲಿ ಕೈ ಬಿಗಿ ಮಾಡಬೇಡಿ. ಮುಂದೆ ಮದ್ದೂರು, ಶ್ರೀರಂಗಪಟ್ಟಣದ ಕಡೆ ಮಾಡಬೇಕು. ಬೆಂಗಳೂರಿನಾಚೆ ಕಡಿಮೆ ಕೂಲಿ ಸಾಕು ಅನ್ನುತ್ತಾರೆ. ಬಾಡಿಗೆ ಕಡಿಮೆ ಇರಬಹುದು, ಗ್ಯಾಸು, ಎಣ್ಣೆ, ಔಷಧಿ ಅಲ್ಲೇನು ಅಗ್ಗವೇ? ನಮೂನೆ ಬೇಕಾದವರು ಕೇಳಿ, ಕೊಡುತ್ತೇನೆ. ಪುಸ್ತಕಗಳು ಮಾತ್ರ ಆ ಹೆಣ್ಣುಮಕ್ಕಳ ಹತ್ತಿರವೇ ಇರಬೇಕು.