ಗೇಟಿನಾಚೆಯ ಆ ಎರಡು ಮೀಟರ್

ಹದಿನಾರು ವರ್ಷದ ಹಿಂದೆ ನಾನೇ ನಕ್ಷೆ ಬರೆದ ಮನೆಯೊಂದರ ರ‍್ಯಾಂಪ್ ಮೇಲೆ ನನ್ನ ಅಮ್ಮ ಜಾರಿ ಬಿದ್ದಳು. ಆರಿದ್ರಾ ಮಳೆ ಹಿಡಿದಿದ್ದ ಬೆಳಗು. ಒಂದು ಕೈಯಲ್ಲಿ ಹಾಲಿನ ಪ್ಯಾಕೆಟ್ಟು, ಇನ್ನೊಂದರಲ್ಲಿ ಕೊಡೆ. ಫುಟ್‌ಪಾತ್ ಹಿಡಿದು ಬರುತ್ತಿದ್ದವಳ ಕಾಲಿಗೆ ಸಿಕ್ಕಿದ್ದು ಗೇಟಿನಿಂದ ರಸ್ತೆಗೆ ಇಳಿಬಿಟ್ಟ ಇಳಿಜಾರು, ಅದರ ಮೇಲೆ ಮುಖ ಕಾಣುವಷ್ಟು ಹೊಳೆಯುವ ಗ್ರಾನೈಟು. ಕಾರು ಸಲೀಸಾಗಿ ಒಳಗೆ ಹೋಗಬೇಕು ಅಂತ ಆ ಮನೆಯ ಯಜಮಾನರು ಕೇಳಿದ್ದರು, ಸೈಟಿನ ಗೆರೆ ದಾಟಿಸಿ ನಾನು ಎಳೆದಿದ್ದೆ. ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮನೆಗೆ ಬಂದ ಅಮ್ಮ ಕೇಳಿದ್ದು ಇಷ್ಟೇ: “ಅಲ್ವೇ, ಆ ಮನೆಗೆ ಬರೋರನ್ನೆಲ್ಲ ಲೆಕ್ಕ ಹಾಕಿದ್ಯಲ್ಲ, ಮನೆ ಮುಂದೆ ಹೋಗೋರನ್ನ ಹಾಕಲಿಲ್ವಾ?”

ಹಾಕಿರಲಿಲ್ಲ. ನಮ್ಮ ಕಸುಬಿನಲ್ಲಿ ಯಾರೂ ಹಾಕುವುದಿಲ್ಲ. ನಗರ ಯೋಜನೆಯವರ ಗೆರೆ ರಸ್ತೆಯ ಅಂಚಿಗೆ ನಿಲ್ಲುತ್ತದೆ, ಮನೆ ಕಟ್ಟಿಸುವವರ ಗೆರೆ ಕಾಂಪೌಂಡಿನಿಂದ ಶುರುವಾಗುತ್ತದೆ. ನಡುವಿನ ಎರಡು ಮೀಟರ್ ಅತ್ತೆಗೂ ಬೇಡ, ಸೊಸೆಗೂ ಬೇಡ. ನಡೆಯುವವರು ಇರುವುದು ಮಾತ್ರ ಅಲ್ಲೇ. ಶಿವಮೊಗ್ಗದಲ್ಲಿ ಮನೆ ಕಟ್ಟಿಸಲು ಹೊರಟವರಿಗೆ, ಅಥವಾ ತಮ್ಮ ಬೀದಿ ಸರಿಮಾಡಿಕೊಳ್ಳಬೇಕು ಅನ್ನುವವರಿಗೆ, ನಾನು ಹೇಳಿಕೊಡುವುದು ಆ ಎರಡು ಮೀಟರಿನ ಕೆಲಸವನ್ನೇ.

ಮೊದಲು ಅಳತೆ. ಟೇಪು, ಸೀಮೆಸುಣ್ಣ ಮತ್ತು ಮಳೆ, ಮೂರೂ ಬೇಕು. ಮಾರ್ಚಿನಲ್ಲಿ ಎಲ್ಲ ಬೀದಿಯೂ ಚೆನ್ನಾಗೇ ಕಾಣುತ್ತದೆ, ಜುಲೈನಲ್ಲಿ ಅಳೆಯಿರಿ. ನೀರು ಎಲ್ಲಿ ನಿಲ್ಲುತ್ತದೆ, ಯಾರ ತಾರಸಿ ಪೈಪು ನಡೆಯುವವರ ನೆತ್ತಿಗೆ ಸುರಿಯುತ್ತದೆ, ಪಾಚಿ ಎಲ್ಲಿ ಕಟ್ಟಿದೆ, ಜನ ಎಲ್ಲಿ ಫುಟ್‌ಪಾತ್ ಬಿಟ್ಟು ರಸ್ತೆಗೆ ಇಳಿಯುತ್ತಾರೆ. ಇಳಿಯುವ ಪ್ರತಿ ಜಾಗಕ್ಕೂ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಅಳಿಸಿಹೋಗುವ ಮುಂಚೆ ಫೋಟೋ ತೆಗೆದುಕೊಳ್ಳಿ. ದೇಶದ ರಸ್ತೆಗಳಿಗೆ ಮಾನದಂಡ ಬರೆಯುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿ ಹೇಳಿದ್ದು ಮೂರು ಅಂಕಿ: ಅಡ್ಡಿಯಿಲ್ಲದೆ ನಡೆಯಲು ಕನಿಷ್ಠ 1.8 ಮೀಟರ್ ಅಗಲ, ತಲೆಯ ಮೇಲೆ 2.2 ಮೀಟರ್ ಖಾಲಿ, ಫುಟ್‌ಪಾತಿನ ಎತ್ತರ 15 ಸೆಂಟಿಮೀಟರಿಗಿಂತ ಹೆಚ್ಚಿರಬಾರದು. ನಮ್ಮ ಕ್ರಾಸಿನಲ್ಲಿ ಅಳೆದಾಗ ಫುಟ್‌ಪಾತಿನ ಒಟ್ಟು ಅಗಲ ಎರಡು ಮೀಟರ್ ಸಿಕ್ಕಿತು, ಸಂತೋಷವಾಯಿತು. ಆಮೇಲೆ ಕರೆಂಟು ಕಂಬಕ್ಕೂ ಒಬ್ಬರ ತುಳಸಿಕಟ್ಟೆಗೂ ನಡುವೆ ಟೇಪು ಹಿಡಿದೆ: 55 ಸೆಂಟಿಮೀಟರ್. ಕೊಡೆ ಮಡಚದೆ ದಾಟುವ ಹಾಗಿಲ್ಲ. ಬೀದಿಯ ಅಗಲ ಅಂದರೆ ಅದರ ಅತಿ ಇಕ್ಕಟ್ಟಾದ ಜಾಗದ ಅಗಲ, ಅಷ್ಟೇ.

ಇನ್ನು ರ‍್ಯಾಂಪು. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಜಗಳವೆಲ್ಲ ಇಲ್ಲೇ. ಮಲೆನಾಡಿನ ಮಳೆಗೆ ಹೆದರಿ ನಾವು ಪ್ಲಿಂತನ್ನು, ಅಂದರೆ ಮನೆಯ ನೆಲಗಟ್ಟನ್ನು, ಎತ್ತರಿಸುತ್ತೇವೆ, ತಪ್ಪಲ್ಲ. ಆದರೆ ಕಾರು ನಿಲ್ಲಿಸುವ ಜಾಗವನ್ನೂ ಅದೇ ಎತ್ತರಕ್ಕೆ ಏರಿಸಿಬಿಡುತ್ತೇವೆ. ಆಗ ಇಳಿಜಾರಿಗೆ ಸೈಟಿನೊಳಗೆ ಜಾಗ ಸಾಲದೆ ಅದು ಬೀದಿಗೆ ಬೀಳುತ್ತದೆ. ಕಾರಿನ ಜಾಗ ಫುಟ್‌ಪಾತಿನ ಮಟ್ಟದಲ್ಲೇ ಇರಲಿ, ಮನೆ ಮಾತ್ರ ಮೇಲೇಳಲಿ. ಅಜ್ಜ ಅಜ್ಜಿಗೆ, ಗಾಲಿಕುರ್ಚಿಗೆ ರ‍್ಯಾಂಪ್ ಬೇಕೆಂದರೆ ಲೆಕ್ಕ ಒಂದಕ್ಕೆ ಹನ್ನೆರಡು: 60 ಸೆಂಟಿಮೀಟರ್ ಏರಲು 7.2 ಮೀಟರ್ ಉದ್ದ. ಮೂವತ್ತು-ನಲವತ್ತರ ಸೈಟಿನ ಮುಂದುಗಡೆ ಅದು ಕೂರುವುದಿಲ್ಲ. ಪಕ್ಕದ ಸೆಟ್‌ಬ್ಯಾಕಿನಲ್ಲಿ, ಅಂದರೆ ಮನೆಗೂ ಕಾಂಪೌಂಡಿಗೂ ನಡುವೆ ಬಿಡುವ ಖಾಲಿ ಜಾಗದಲ್ಲಿ, ಗೋಡೆಗುಂಟ ಹಾಕಿದರೆ ಕೂರುತ್ತದೆ, ಸೈಟಿನ ಉದ್ದ ಹನ್ನೆರಡು ಮೀಟರ್ ಇರುತ್ತದಲ್ಲ.

ಗೇಟಿನ ಮುಂದೆ ಫುಟ್‌ಪಾತ್ ಒಂದೇ ಮಟ್ಟದಲ್ಲಿ ಮುಂದುವರಿಯಬೇಕು. ಏರಬೇಕಾದದ್ದು ಕಾರು, ಅದೂ ರಸ್ತೆಯಂಚಿನ ಮೋಟು ಇಳಿಜಾರಿನಲ್ಲಿ. ಮೇಸ್ತ್ರಿಗಳು ಇದನ್ನು ಒಪ್ಪುವುದಿಲ್ಲ, “ಗಾಡಿ ಅಡಿ ತಾಗುತ್ತೆ ಮೇಡಂ” ಅನ್ನುತ್ತಾರೆ. ಹಲಗೆ ಇಟ್ಟು ಅವರ ಎದುರೇ ಒಮ್ಮೆ ಕಾರು ಹತ್ತಿಸಿ ತೋರಿಸಿ. ಚರಂಡಿಯ ಮೇಲಿನ ಚಪ್ಪಡಿ ಉಳಿ ಹೊಡೆದ ಒರಟು ಕಲ್ಲಾಗಿರಲಿ. ಪಾಲಿಶ್ ಕಲ್ಲನ್ನು ದೇವರ ಮನೆಗೆ ಹಾಕಿಕೊಳ್ಳಿ.

ಕಾಂಪೌಂಡ್ ಗೋಡೆಯ ಬಗ್ಗೆ ನನಗೆ ಸ್ವಲ್ಪ ಹಟವೇ ಇದೆ. ನಮ್ಮ ಹಳೇ ಹೆಂಚಿನ ಮನೆಗಳಿಗೆ ಜಗಲಿ ಇರುತ್ತಿತ್ತು, ಸೂರು ಮುಂದೆ ಚಾಚಿರುತ್ತಿತ್ತು. ಮಳೆ ಬಂದರೆ ದಾರಿಹೋಕರು ಹೇಳದೆ ಕೇಳದೆ ಹತ್ತಿ ನಿಲ್ಲುತ್ತಿದ್ದರು. ಈಗ ಏಳಡಿ ಗೋಡೆ, ಅದರ ಮೇಲೆ ಗಾಜಿನ ಚೂರು. ಸಂಜೆ ಏಳಕ್ಕೆ ಟ್ಯೂಷನ್ ಮುಗಿಸಿ ಬರುವ ಹುಡುಗಿ ಎರಡು ಗೋಡೆಗಳ ನಡುವೆ ಒಬ್ಬಳೇ ನಡೆಯಬೇಕು. ಗೋಡೆ ನಾಲ್ಕಡಿ ಸಾಕು, ಮೇಲಕ್ಕೆ ಗ್ರಿಲ್ ಹಾಕಿ. ಒಂದು ಕಿಟಕಿಯಾದರೂ ಬೀದಿಗೆ ತೆರೆಯಲಿ. ಅಡುಗೆಮನೆಯದ್ದಾದರೆ ಇನ್ನೂ ಒಳ್ಳೆಯದು, ಯಾವ ಹೊತ್ತಿಗೂ ಅಲ್ಲಿ ಯಾರಾದರೂ ಇರುತ್ತಾರೆ.

ಒಬ್ಬರ ಮನೆ ಸರಿಯಾದರೆ ಬೀದಿ ಸರಿಯಾಗುವುದಿಲ್ಲ, ಅದೂ ನಿಜ. ಆರಾಮಾಗಿ ನಡೆದರೆ ಐದು ನಿಮಿಷಕ್ಕೆ ಸುಮಾರು 400 ಮೀಟರ್. ಅಷ್ಟರೊಳಗೆ ಹಾಲು, ಸೊಪ್ಪು, ಬಸ್ ಸ್ಟಾಪು ಸಿಗದಿದ್ದರೆ ಎಂಥ ಒಳ್ಳೆ ಫುಟ್‌ಪಾತ್ ಇದ್ದರೂ ಜನ ಸ್ಕೂಟರನ್ನೇ ತೆಗೆಯುತ್ತಾರೆ. ನಮ್ಮ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಅಷ್ಟು ಜನ ನಡೆಯುವುದು ಅಲ್ಲಿಯ ನೆಲ ಚೆನ್ನಾಗಿದೆ ಅಂತಲ್ಲ, ಹತ್ತು ಹೆಜ್ಜೆಗೊಂದು ಅಂಗಡಿ ಇದೆ ಅಂತ. ಊರಾಚೆ ಗದ್ದೆ ಮುಚ್ಚಿ ಮಾಡುವ ಹೊಸ ಲೇಔಟುಗಳ ಕಥೆ ಬೇರೆ. ಬೆನ್ನಿಗೆ ಬೆನ್ನು ತಾಗಿಸಿ ಎರಡು ಲೇಔಟು, ನಡುವೆ ಗೋಡೆ. ಮಹಡಿಯಿಂದ ಕಾಣುವ ಸ್ಕೂಲಿಗೆ ಮಗುವನ್ನು ಮುಖ್ಯರಸ್ತೆ ಸುತ್ತಿ ಬಿಟ್ಟುಬರಬೇಕು. ಸೈಟು ಕೊಳ್ಳುವ ಮುಂಚೆ ಕೇಳಬೇಕಾದದ್ದು ವಾಸ್ತುವಲ್ಲ, ಕಾಲುದಾರಿ. ಹಳೇ ಬಡಾವಣೆಗಳಲ್ಲಿ ಮನೆಗಳ ಹಿಂದೆ ಕನ್ಸರ್ವೆನ್ಸಿ ಓಣಿ, ಅಂದರೆ ಶುಚಿ ಮಾಡುವವರ ಓಡಾಟಕ್ಕೆ ಬಿಟ್ಟ ಸಂದು, ಇದ್ದರೆ ಅದನ್ನು ಕಸ ಸುರಿಯುವ ಜಾಗ ಮಾಡಿಕೊಳ್ಳಬೇಡಿ; ಒಂದು ದೀಪ, ಒಂದಿಷ್ಟು ಚಪ್ಪಡಿ ಬಿದ್ದರೆ ಅದೇ ಒಳದಾರಿ.

ಪಾಲಿಕೆಗೆ ಅರ್ಜಿ ಕೊಡುವಾಗ “ಫುಟ್‌ಪಾತ್ ಸರಿಪಡಿಸಿ” ಅಂತ ಬರೆಯಬೇಡಿ. ಯಾವ ಕಂಬ, ಯಾವ ಚಪ್ಪಡಿ, ಎಷ್ಟು ಸೆಂಟಿಮೀಟರ್ ಅಂತ ಬರೆದು ಮಳೆಗಾಲದ ಫೋಟೋ ಲಗತ್ತಿಸಿ. ಒಂದು ಅರ್ಜಿಯಲ್ಲಿ ಮೂರು ಕೆಲಸ, ಹೆಚ್ಚು ಬೇಡ. ಉತ್ತರ ಬರದಿದ್ದರೆ ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿ, ಕಾನೂನಿನಂತೆ 30 ದಿನದಲ್ಲಿ ಉತ್ತರ ಕೊಡಬೇಕು. ಸೊಪ್ಪಿನವಳನ್ನು ಎಬ್ಬಿಸಿ ಅಂತ ಮಾತ್ರ ಸೇರಿಸಬೇಡಿ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಅವಳಿಗೂ ಜಾಗ ಕೊಡಿ ಅನ್ನುತ್ತದೆ. ಆಮೇಲೆ, ಕತ್ತಲಾದ ಮೇಲೆ ನಮ್ಮ ತಿರುವಿನಲ್ಲಿ ಉರಿಯುವುದು ಅವಳ ಗಾಡಿಯ ದೀಪವೊಂದೇ.

ಆ ಹಳೇ ರ‍್ಯಾಂಪನ್ನು ಕೊನೆಗೆ ಒಡೆಸಿದೆವು. ಯಜಮಾನರು ಒಪ್ಪಿದ್ದು ನನ್ನ ನಕ್ಷೆ ನೋಡಿಯಲ್ಲ, ಅವರ ಮಂಡಿಗೇ ನೋವು ಬಂದ ಮೇಲೆ. ಖರ್ಚಿನಲ್ಲಿ ಅರ್ಧ ನಾನೇ ಹಾಕಿದೆ. ಕಿತ್ತ ಗ್ರಾನೈಟಿನಲ್ಲಿ ದೊಡ್ಡ ತುಂಡೊಂದನ್ನು ಅಮ್ಮ ಹಿತ್ತಲಿಗೆ ಹೊರಿಸಿಕೊಂಡು ಬಂದಳು, ಬಟ್ಟೆ ಒಗೆಯಲು. ನುಣುಪು ಜಾಸ್ತಿ, ಕೊಳೆ ಬಿಡುವುದಿಲ್ಲ ಅಂತ ಈಗ ಅದರ ಮೇಲೂ ದೂರು.